ಹನ್ನೊಂದನೆಯ ತಟ್ಟೆ

ಮಾರ್ಚ್ ೪, ಮಂಗಳವಾರ

ಐವತ್ತನಾಲ್ಕನೇ ವಯಸ್ಸಿಗೆ ನನಗೊಂದು ಹೊಸ ಬಿರುದು ಬಂತು. ಆರೋಪಿ. ಕೋರ್ಟಿನ ಕಾಗದದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಇವರು, ನಮ್ಮ ಯಜಮಾನರು, ಇದ್ದಿದ್ದರೆ, "ನಿನ್ನ ಹೆಸರಿಗೆ ಏನಾದ್ರೂ ಒಂದು ಸೇರೋದು ನೋಡೋಕೆ ಇಷ್ಟು ವರ್ಷ ಕಾಯ್ಬೇಕಾಯ್ತಲ್ಲೇ" ಎಂದು ನಗಿಸುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಈಗ ನಗಿಸುವವರಿಲ್ಲ. ಅಳೋಣವೆಂದರೆ ಮಗಳು ಪಕ್ಕದ ಕೋಣೆಯಲ್ಲೇ ಇದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಯಾರ ಹತ್ತಿರ ಹೇಳಿಕೊಂಡರೂ ಸಮಾಧಾನ ಹೇಳಲು ಶುರುಮಾಡುತ್ತಾರೆ. ನನಗೆ ಸಮಾಧಾನ ಬೇಡ, ಯಾರನ್ನಾದರೂ ಬೈಯಬೇಕು.

ಆಗಿದ್ದು ಇಷ್ಟು. ಮೂರು ವರ್ಷದ ಹಿಂದೆ ನಮ್ಮ ಬ್ಯಾಗ್ ಹೊಲಿಯುವ ಶೆಡ್ಡಿಗೆಂದು ಬ್ಯಾಂಕಿನಲ್ಲಿ ಸಣ್ಣ ಉದ್ಯಮದ ಸಾಲ ತೆಗೆದುಕೊಂಡೆ. ದಪ್ಪ ಬಟ್ಟೆ ಹೊಲಿಯುವ ಎರಡು ಯಂತ್ರ, ಕತ್ತರಿಸುವ ಒಂದು ಯಂತ್ರ ಬಂದವು. ಒಂದೇ ಒಂದು ಕಂತು ತಪ್ಪಿಸಿಲ್ಲ. ಆದರೆ ಹತ್ತಕ್ಕಿಂತ ಹೆಚ್ಚು ಜನ ಕೆಲಸಕ್ಕಿದ್ದರೆ ಬಡ್ಡಿಯಲ್ಲಿ ರಿಯಾಯಿತಿ ಎಂಬ ನಿಯಮವಿತ್ತಂತೆ. ಅರ್ಜಿ ತುಂಬಿಕೊಟ್ಟ ದಲ್ಲಾಳಿ ಊರವರ ಹೆಸರಲ್ಲೆಲ್ಲ ಸುಳ್ಳು ತುಂಬಿ ಈಗ ಸಿಕ್ಕಿಬಿದ್ದಿದ್ದಾನೆ. ಅವನ ಕೈ ದಾಟಿದ ಅರ್ಜಿಗಳನ್ನೆಲ್ಲ ಜಾಲಾಡುತ್ತಿದ್ದಾರೆ. ನನ್ನದರಲ್ಲಿ ಕೆಲಸದವರು ಹನ್ನೊಂದು ಎಂದಿದೆ. ಸಂಬಳ ತೆಗೆದುಕೊಳ್ಳುವವರು ನಾಲ್ವರು. ಉಳಿದ ಏಳು ಮಂದಿಯನ್ನು ನಾನೇ ಹುಟ್ಟಿಸಿ ಬ್ಯಾಂಕಿಗೆ ಮೋಸ ಮಾಡಿದ್ದೇನೆ ಎಂಬುದು ಆರೋಪ. ಸಾಬೀತಾದರೆ ಜೈಲು.

ಹುಟ್ಟಿಸಿದ್ದೇನಂತೆ! ಒಂದನ್ನು ಹೆತ್ತು ದೊಡ್ಡದು ಮಾಡುವಷ್ಟರಲ್ಲೇ ನನ್ನ ಸೊಂಟ ಬಿದ್ದುಹೋಗಿದೆ. ಆ ಏಳು ಮಂದಿ ದಿನಾ ಮಧ್ಯಾಹ್ನ ನನ್ನೆದುರು ಕೂತು ಉಣ್ಣುತ್ತಾರೆ. ಈ ಬ್ಯಾಗಿನವರ ಓಣಿಯಲ್ಲಿ ಕೆಲಸಕ್ಕೆ ಕೈ ಹಚ್ಚಿದವರಿಗೆಲ್ಲ ಮಧ್ಯಾಹ್ನದ ಊಟ ಶೆಡ್ಡಿನವರದೇ, ನಮ್ಮತ್ತೆಯ ಕಾಲದಿಂದಲೂ. "ನಿಮ್ಮಲ್ಲಿ ಎಷ್ಟು ಜನ?" ಎಂದು ಇಲ್ಲಿ ಯಾರನ್ನೇ ಕೇಳಿ, ತಟ್ಟೆ ಎಣಿಸಿ ಹೇಳುತ್ತಾರೆ. ದಲ್ಲಾಳಿ ಕೇಳಿದ. ತೊಳೆದ ತಟ್ಟೆಗಳು ಕಣ್ಣೆದುರೇ ಇದ್ದವು. ನನ್ನದು ಬಿಟ್ಟು ಹನ್ನೊಂದು ಅಂದೆ. ಇದೇ ನಾನು ಮಾಡಿದ ಮಹಾ ಮೋಸ.

ಮಾರ್ಚ್ ೬, ಗುರುವಾರ

ಮಗಳು ಹುಡುಕಿದ ವಕೀಲೆಯನ್ನು ನೋಡಿಬಂದೆ. ಕನ್ನಡಕದ ಅಂಗಡಿಯ ಮೇಲಿನ ಮಹಡಿ, ಒಂದು ಮೇಜು, ಎರಡು ಕುರ್ಚಿ, ಅದರಲ್ಲೊಂದು ಕುಂಟು. ಹುಡುಗಿ ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳಿದ್ದರೆ ಹೆಚ್ಚು. ನನ್ನನ್ನು ಜೈಲಿನಿಂದ ತಪ್ಪಿಸೋದು ಈ ಮಗುವಾ ಎಂದುಕೊಂಡೆ. ಅಂದುಕೊಂಡಿದ್ದು ಹೊಟ್ಟೆಯಲ್ಲಿ ನಿಲ್ಲುವ ಜಾತಿಯವಳಲ್ಲ ನಾನು.

"ಎಷ್ಟು ಕೇಸು ಗೆದ್ದಿದ್ದೀಯಮ್ಮ?"

"ಸೋತಿದ್ದನ್ನೂ ಸೇರಿಸಿ ಹೇಳ್ಲಾ?" ಎಂದಳು, ನಗದೆ.

ಬಾಯಿ ಜೋರಿದೆ. ಅಷ್ಟಾದರೂ ಇರಲಿ.

ಆ ಏಳು ಮಂದಿ ಯಾರು, ಒಬ್ಬೊಬ್ಬರಾಗಿ ಹೇಳಿ ಎಂದಳು. ಹೇಳಿದೆ. ಬ್ಯಾಗಿನ ಪಟ್ಟಿಗಳನ್ನು ಮನೆಗೆ ಒಯ್ದು ಹೊಲಿದು ತರುವ ಅಕ್ಕತಂಗಿ, ಇಬ್ಬರು. ನಮ್ಮ ಮೂಲೆಯಲ್ಲಿ ಬೆಂಚು ಹಾಕಿಕೊಂಡು ನಮಗೂ ಬೇರೆಯವರಿಗೂ ಪಟ್ಟಿ ಕೂಡುವಲ್ಲಿ ಲೋಹದ ರಿವೆಟ್ ಹೊಡೆಯುವವನು. ಯಂತ್ರ ರಿಪೇರಿಯವನು. ತಳ್ಳುಗಾಡಿಯಲ್ಲಿ ಸರಕು ಮುಟ್ಟಿಸುವ 'ಗಡಿಯಾರ'. ಹುಟ್ಟಿದಂದಿನಿಂದ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ, ಅದಕ್ಕೇ ಆ ಹೆಸರು. ಪ್ಯಾಕಿಂಗ್ ನೋಡಿಕೊಳ್ಳುವ ನನ್ನ ಮಗಳು. ಆಮೇಲೆ ನನ್ನ ಭಾವ, ಇವರ ಅಣ್ಣ.

"ಅವರೇನ್ ಮಾಡ್ತಾರೆ?"

"ಸೂಪರ್‌ವೈಸರ್" ಎಂದೆ.

ಹುಡುಗಿ ಬರೆಯುತ್ತಿದ್ದ ಪೆನ್ನು ಎತ್ತಿ ನನ್ನ ಮುಖ ನೋಡಿದಳು. "ನಿಜ ಹೇಳಿ ಅಮ್ಮಾ. ನನ್ನ ಹತ್ರ ಸುಳ್ಳು ಹೇಳಿದ್ರೆ ಕೋರ್ಟಲ್ಲಿ ನಾನು ಬೆತ್ತಲೆ ನಿಂತ ಹಾಗೆ."

ನಿಜ ಹೇಳಬೇಕಾಯಿತು. ಭಾವ ಈ ಓಣಿಯಲ್ಲೇ ಹೆಸರಾದ ಕಟಿಂಗ್ ಮಾಸ್ತರರಾಗಿದ್ದರು. ಇವರಿಗೆ ಕಸುಬು ಕಲಿಸಿದ್ದೂ ಅವರೇ. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಅಂದಿನಿಂದ ಬಾಗಿಲ ಬಳಿ ಕುರ್ಚಿ ಹಾಕಿ ಕೂರುತ್ತಾರೆ. ಹೊಲಿಗೆಯವರಲ್ಲಿ ಹಿರಿಯಳು 'ಬಾಬಿನ್'. ಹೊಲಿಗೆ ಯಂತ್ರದೊಳಗಿನ ದಾರದ ಸುರುಳಿಯ ಹಾಗೆ ದುಂಡಗೆ ಇದ್ದಾಳೆ, ಒಂದು ಕಡೆ ನಿಲ್ಲದೆ ಸುತ್ತುತ್ತಾಳೆ. ಅವಳು ದಿನದ ಮೊದಲ ಬ್ಯಾಗನ್ನು ಅವರಿಗೆ ತೋರಿಸುತ್ತಾಳೆ. ಅವರು ಎಡಗೈಯಲ್ಲಿ ತಿರುಗಿಸಿ ನೋಡಿ "ಹೊಲಿಗೆ ಸೊಟ್ಟ" ಎನ್ನುತ್ತಾರೆ. ಬಾಬಿನ್ ಒಂದು ಸುತ್ತು ಹೋಗಿಬಂದು ಅದೇ ಬ್ಯಾಗನ್ನು ಮತ್ತೆ ಕೊಡುತ್ತಾಳೆ. "ಈಗ ಸರಿಯಾಯ್ತು ನೋಡು" ಎನ್ನುತ್ತಾರೆ. ಇದು ನಮ್ಮ ಶೆಡ್ಡಿನ ಸೂಪರ್‌ವಿಷನ್ನು.

"ತನಿಖೆಯವರು ಶೆಡ್ಡಿಗೆ ಬಂದಾಗಲೂ ಸೂಪರ್‌ವೈಸರ್ ಅಂತಲೇ ಹೇಳಿದ್ರಾ?"

"ಭಾವ ಅಲ್ಲೇ ಪಕ್ಕದಲ್ಲೇ ಕೂತಿದ್ರಲ್ಲಮ್ಮ."

ಹುಡುಗಿ ಏನೂ ಬರೆದುಕೊಳ್ಳಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

ಮಾರ್ಚ್ ೮, ಶನಿವಾರ

ಊಟದ ಹೊತ್ತಿಗೆ ಎಲ್ಲರಿಗೂ ವಿಷಯ ಹೇಳಿದೆ. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಅಕ್ಕತಂಗಿಯರು ಒಟ್ಟಿಗೇ ಅಳಲು ಶುರುಮಾಡಿದರು. ಆ ಇಬ್ಬರು ಹೆಂಗಸರು ಒಂದೇ ಮೂಗು ಹಂಚಿಕೊಂಡು ಹುಟ್ಟಿದ ಹಾಗಿದ್ದಾರೆ. ಬಾಬಿನ್, "ಅಕ್ಕಾ, ಕೋರ್ಟಿನ ದಿನ ಅಡುಗೆ ನಾವು ನೋಡ್ಕೋತೀವಿ" ಎಂದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಒಲೆಯ ಹತ್ತಿರ ಯಾರೂ ಬರಬೇಕಾಗಿಲ್ಲ ಎಂದೆ. ಇಷ್ಟು ವರ್ಷ ಇವರಿಗೆಲ್ಲ ನಾನು ಹಾಕಿದ್ದೇನೆ, ಇವರು ನನಗೆ ಹಾಕಬೇಕಾದ ಗತಿ ಬಂದಿಲ್ಲ.

ಭಾವ ಮಾತ್ರ "ಬೇಳೆಗೆ ಉಪ್ಪು ಕಮ್ಮಿ" ಎಂದು ಉಂಡು ಎದ್ದರು.

ಏಪ್ರಿಲ್ ೨, ಬುಧವಾರ

ಸರಕಾರಿ ವಕೀಲರ ಕಡೆಯಿಂದ ಒಂದು ದಾರಿ ತೋರಿಸಿದ್ದಾರೆ. ತಪ್ಪೊಪ್ಪಿಕೊಂಡರೆ ಜೈಲಿಲ್ಲ, ದಂಡ ಮಾತ್ರ. ಆದರೆ ಸಾಲ ಅಷ್ಟನ್ನೂ ಒಟ್ಟಿಗೆ ತೀರಿಸಬೇಕು, ಅಂದರೆ ಯಂತ್ರಗಳನ್ನು ಮಾರಬೇಕು. ಯಂತ್ರ ಹೋದರೆ ಶೆಡ್ಡಿಗೆ ಬೀಗ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗೆ ಇದು ಚೆನ್ನಾಗಿದೆ. ಇಲ್ಲಿ ನಾನೇ ಹಾವು, ನಾನೇ ಕೋಲು.

ಹುಡುಗಿ ಎರಡು ಕಡೆಯನ್ನೂ ಬಿಡಿಸಿ ಹೇಳಿದಳು. ಹೋರಾಡಿ ಸೋತರೆ ಎರಡು ವರ್ಷದವರೆಗೂ ಒಳಗಿರಬೇಕಾಗಬಹುದು. ನಾನು "ಕದ್ದವಳಲ್ಲ ಅಂದ್ಮೇಲೆ ಕದ್ದೆ ಅಂತ ಯಾಕೆ ಹೇಳ್ಲಿ" ಎಂದೆ. ಎಂದು ಬಿಟ್ಟೆ, ಆಮೇಲೆ ಗೋಡೆ ಹಿಡಿದು ಮೆಟ್ಟಿಲಿಳಿದೆ.

ಅವಳ ಫೀಸಿನ ಮಾತೆತ್ತಿದರೆ "ಕೇಸು ಮುಗೀಲಿ" ಎನ್ನುತ್ತಾಳೆ. ಮುಗಿಯುವವರೆಗೆ ಯಾಕೆ ಕಾಯಬೇಕು? ಋಣ ಇಟ್ಟುಕೊಳ್ಳುವುದು ನನಗೆ ಆಗದು. ಎರಡು ಗಟ್ಟಿ ಬ್ಯಾಗು ಕೊಟ್ಟುಬಂದೆ, ಕಡತ ಹೊರಲು. ಅವಳ ಹಳೆಯ ಬ್ಯಾಗಿನ ಜಿಪ್ಪು ನೋಡಿದರೆ ಕಣ್ಣೀರು ಬರುವಂತಿತ್ತು.

ಮೇ ೧೨, ಸೋಮವಾರ

ಒಂದು ತಿಂಗಳು ಬರೆಯಲು ಮನಸ್ಸಾಗಲಿಲ್ಲ. ಪೇಪರಿನಲ್ಲಿ ದಲ್ಲಾಳಿಯ ಸುದ್ದಿಯ ಕೊನೆಯ ಸಾಲಿನಲ್ಲಿ ನಮ್ಮ ಶೆಡ್ಡಿನ ಹೆಸರು ಬಂತು. ಮಾರನೆಯ ದಿನವೇ ಶಾಲೆಯವರು ಬ್ಯಾಗಿನ ಆರ್ಡರು ವಾಪಸ್ ತೆಗೆದುಕೊಂಡರು. ಬ್ಯಾಂಕಿಗೆ ಕಂತು ಕಟ್ಟಲು ಹೋದರೆ ಕೌಂಟರಿನ ಹೆಂಗಸು, ನನ್ನ ಮಗಳ ನಾಮಕರಣಕ್ಕೆ ಬಂದವಳು, ರಸೀದಿಯನ್ನು ಮುಖ ನೋಡದೆ ತಳ್ಳಿದಳು.

ಶೆಡ್ಡಿಗೆ ಬಂದು ಕತ್ತರಿಸುವ ಮೇಜಿಗೆ ಒರಗಿ ನಿಂತುಬಿಟ್ಟೆ. ಆಗ ಬಾಬಿನ್ ಹೇಳಿದಳು, ತಾನೂ ಗಡಿಯಾರನೂ ಕಳೆದ ವಾರವೆಲ್ಲ ಸಂಜೆ ಸಂಜೆ ಅಂಗಡಿ ಅಂಗಡಿ ಸುತ್ತಿ ಸಂತೆಚೀಲದ ಆರ್ಡರು ಹಿಡಿದಿದ್ದಾರಂತೆ. ಶಾಲೆಯದರಷ್ಟು ದೊಡ್ಡದಲ್ಲ, ಆದರೆ ಯಂತ್ರ ನಿಲ್ಲುವುದಿಲ್ಲ. "ನನ್ನನ್ನ ಕೇಳ್ದೆ ಹೆಂಗೆ ಒಪ್ಕೊಂಡ್ರಿ?" ಎಂದು ಗದರಿದೆ. "ಕೇಳಿದ್ರೆ ಬೇಡ ಅಂತಿದ್ರಿ" ಎಂದಳು. ಅಂತಿದ್ದೆ, ನಿಜ.

ಇವತ್ತು ಊಟ ರಿಪೇರಿಯವನು ಮಾಡಿದ್ದ. ಗ್ರೀಸಿನ ವಾಸನೆ ಇತ್ತು. ಎರಡು ಸಲ ಹಾಕಿಸಿಕೊಂಡೆ.

ಜೂನ್ ೯, ಸೋಮವಾರ

ಲಾಯರಮ್ಮನ ಮಹಡಿಯಲ್ಲಿ ಇಡೀ ಮಧ್ಯಾಹ್ನ. ನಾನು ಕಟಕಟೆಯಲ್ಲಿ ನಿಂತ ಹಾಗೆ, ಅವಳು ಸರಕಾರಿ ವಕೀಲರ ಹಾಗೆ. ಎಷ್ಟು ಕೆಟ್ಟದಾಗಿ ಪ್ರಶ್ನೆ ಕೇಳುತ್ತಾಳೆಂದರೆ ಒಂದೆರಡು ಸಲ ಇವಳು ನಮ್ಮ ಕಡೆಯವಳೇ ಎಂದು ಅನುಮಾನ ಬಂತು.

ಕೊನೆಗೆ ಕಷ್ಟದ ಮಾತು ಎತ್ತಿದಳು. "ಅಕ್ಕತಂಗಿ, ರಿವೆಟ್, ಗಾಡಿ, ರಿಪೇರಿ, ಮಗಳು. ಇವರೆಲ್ಲ ಸಂಬಳ ಇಲ್ಲದಿದ್ರೂ ಕೆಲಸ ಮಾಡ್ತಾರೆ, ತೋರಿಸ್ಬಹುದು. ಸಂಬಳದ ನಾಲ್ವರ ಜೊತೆ ಹತ್ತು ಜನ ಆದ್ರು. ರಿಯಾಯಿತಿಗೆ ಹತ್ತಕ್ಕಿಂತ ಹೆಚ್ಚು ಬೇಕು. ಹನ್ನೊಂದನೆಯವರು ನಿಮ್ಮ ಭಾವ. ಗೆರೆ ದಾಟಿಸೋಕೆ ಒಬ್ಬ ಕೈಲಾಗದವರನ್ನ ಸೇರಿಸಿ, ಅದಕ್ಕೆ ಸೂಪರ್‌ವೈಸರ್ ಅಂತ ಹೆಸರಿಟ್ರು ಅಂತಾರೆ. ಸರಕಾರಿ ವಕೀಲರು ಬೇರೆ ಏನನ್ನೂ ಹಿಡ್ಕೊಳ್ಳಲ್ಲ, ಇದೊಂದನ್ನೇ ಹಿಡೀತಾರೆ."

"ಏನ್ ಮಾಡ್ಬೇಕು?"

"ಅವರು ಏನೂ ಕೆಲಸ ಮಾಡಲ್ಲ, ಅವರ ಮನಸ್ಸು ನೋಯದಿರ್ಲಿ ಅಂತ ಹಾಗೆ ಹೇಳಿದ್ವಿ ಅಂತ ಕೋರ್ಟಲ್ಲಿ ನೀವೇ ಹೇಳ್ಬೇಕು."

ಆಗೋದಿಲ್ಲ ಎಂದೆ. ಇವರಿಗೆ ಕತ್ತರಿ ಹಿಡಿಯಲು ಕಲಿಸಿದ ಮನುಷ್ಯ. ನಾನು ಮದುವೆಯಾಗಿ ಬಂದಾಗ ಒಂದು ಗುಂಡಿ ಹೊಲಿಯಲೂ ಬಾರದ ನನ್ನನ್ನು "ಕಲೀತಾಳೆ ಬಿಡಿ" ಎಂದು ಅತ್ತೆಯ ಬಾಯಿಂದ ಉಳಿಸಿದವರು. ಅವರಿಗೆ ಉಳಿದಿರುವುದು ಆ ಕುರ್ಚಿ ಒಂದೇ. ಊರವರೆದುರು ನಿಂತು ಅದನ್ನು ನಾನು ಎಳೆಯಲಾರೆ.

"ಹಾಗಾದ್ರೆ ಅವರು ಕೋರ್ಟಿಗೆ ಬರದ ಹಾಗೆ ನೋಡ್ಕೊಳ್ಳಿ. ಕೊನೇಪಕ್ಷ ಅವರ ಕಿವಿಗೆ ಬೀಳಲ್ಲ" ಎಂದಳು ಲಾಯರಮ್ಮ. ಬೈಯಲಿಲ್ಲ. ಕುಂಟು ಕುರ್ಚಿಯನ್ನು ತಾನು ತೆಗೆದುಕೊಂಡು ಒಳ್ಳೆಯದನ್ನು ನನಗೆ ಬಿಟ್ಟಿದ್ದಳು. ಎದ್ದ ಮೇಲೆ ಗಮನಿಸಿದೆ.

ಆಗಸ್ಟ್ ೫, ಮಂಗಳವಾರ

ಸಾಕ್ಷಿಗಳ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ ಎಂದು ಭಾವನಿಗೆ ಗೊತ್ತಾಗಿದೆ. ಗಡಿಯಾರನ ಬಾಯಲ್ಲಿ ಒಂದು ಮಾತು ನಿಲ್ಲಬೇಕಲ್ಲ!

"ಮೂಲೆ ಮೂಲೇಲಿರೋರನ್ನೆಲ್ಲ ಕರ್ದಿದೀಯಂತೆ. ಮನೆ ಹಿರಿಯ ನಾನು ಕಾಣಿಸ್ಲಿಲ್ವಾ?"

"ಕೋರ್ಟಲ್ಲಿ ಮೆಟ್ಟಿಲು ಜಾಸ್ತಿ ಭಾವ."

ಅವರು ಕೈಯಲ್ಲಿದ್ದ ಬ್ಯಾಗನ್ನು ಬಾಬಿನ್‌ಗೆ ಕೊಟ್ಟು, "ಸರಿಯಾಗಿದೆ, ತಗೊಂಡ್ಹೋಗು" ಎಂದರು. ಮೊದಲ ಸಲಕ್ಕೇ ಸರಿ ಎಂದದ್ದು ಇದೇ ಮೊದಲು. ಬಾಬಿನ್ ಏನು ಮಾಡಬೇಕೆಂದು ತಿಳಿಯದೆ ಒಂದು ಸುತ್ತು ಹೋಗಿ ಬಂದೇಬಿಟ್ಟಳು.

ಆಗಸ್ಟ್ ೨೧, ಗುರುವಾರ

ನಮ್ಮವರ ಸಾಕ್ಷಿ ಆಯಿತು. ದೇವರೇ, ಇಂಥವರನ್ನು ಕಟ್ಟಿಕೊಂಡು ನಾನು ಇಷ್ಟು ವರ್ಷ ಹೇಗೆ ಬದುಕಿದೆ, ಇವರಿಲ್ಲದಿದ್ದರೆ ಹೇಗೆ ಬದುಕುತ್ತಿದ್ದೆ.

ರಿಪೇರಿಯವನನ್ನು ಸರಕಾರಿ ವಕೀಲರು ಕೇಳಿದರು, "ನೀವು ಯಾವಾಗ ಅಲ್ಲಿಗೆ ಹೋಗ್ತೀರಿ?"

"ಯಂತ್ರ ಕೆಟ್ರೆ ಹೋಗ್ತೀನಿ. ಕೆಡದಿದ್ರೂ ಹೋಗ್ತೀನಿ."

"ಕೆಡದಿದ್ರೆ ಯಾಕೆ ಹೋಗ್ತೀರಿ?"

"ಊಟಕ್ಕೆ."

ನ್ಯಾಯಾಧೀಶರೂ ಕಾಗದದಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಗಡಿಯಾರ. ಎಷ್ಟು ಹೊತ್ತಿಗೆ ಕೆಲಸಕ್ಕೆ ಬರ್ತೀರಿ ಎಂದರೆ "ಎಂಟಕ್ಕೆ" ಎಂದು ಧೈರ್ಯವಾಗಿ ಹೇಳಿದ. ಹಿಂದೆ ಬಾಬಿನ್ ಕೆಮ್ಮಿದಳು. "ಎಂಟು ಅಂದ್ರೆ... ಹತ್ತಾಗುತ್ತೆ ಸ್ವಾಮಿ." ಆದರೆ ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೋರ್ಟಿನ ಗೇಟಿಗೆ ಒರಗಿ ನಿಂತಿದ್ದವನು ಅವನೇ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅದು ಯಾರದೋ ಅಂಗಿ, ತೋಳು ಉದ್ದವಿತ್ತು.

ಒಬ್ಬೊಬ್ಬರೂ ಅರ್ಧ ದಿನದ ದುಡಿಮೆ ಬಿಟ್ಟು ಬಂದಿದ್ದರು. ನಾನು ಕೂಲಿ ಕೊಡಲು ಹೋಗಲಿಲ್ಲ. ಕೊಟ್ಟಿದ್ದರೆ ಹೊಡೆಯುತ್ತಿದ್ದರು. ಎಲ್ಲರೂ ಒಟ್ಟಿಗೆ ಬೀದಿಬದಿಯಲ್ಲಿ ಚಹಾ ಕುಡಿದೆವು. ಅಕ್ಕತಂಗಿಯರು ದುಡ್ಡು ಕೊಟ್ಟರು, ನಾನು ಕುಡಿದೆ.

ಸೆಪ್ಟೆಂಬರ್ ೧೮, ಗುರುವಾರ

ಇವತ್ತಿನದನ್ನು ಒಂದೂ ಬಿಡದೆ ಬರೆಯಬೇಕು.

ನನ್ನ ಸರದಿ. ಲಾಯರಮ್ಮ ಕೇಳಿದ್ದಕ್ಕೆಲ್ಲ ಚೆನ್ನಾಗಿಯೇ ಹೇಳಿದೆ. ಆಮೇಲೆ ಸರಕಾರಿ ವಕೀಲರು ಎದ್ದರು. ಒರಟರಲ್ಲ, ಮೃದುವಾಗಿ ಮಾತಾಡುತ್ತಾರೆ. ಅದೇ ಅಪಾಯ.

"ಆ ಹತ್ತು ಜನರ ವಿಷಯ ಇರಲಿ. ನಿಮ್ಮ ಭಾವನನ್ನ ತೋರಿಸಿ 'ಇವರು ನಮ್ಮ ಸೂಪರ್‌ವೈಸರ್' ಅಂತ ತನಿಖಾಧಿಕಾರಿಗೆ ಹೇಳಿದ್ದು ನೀವೇ ಅಲ್ವಾ?"

"ಹೌದು."

"ಅವರಿಗೆ ಸಂಬಳ?"

"ಇಲ್ಲ."

"ಅವರನ್ನ ಬಿಟ್ರೆ ಲೆಕ್ಕ ಹತ್ತಕ್ಕೆ ನಿಲ್ಲುತ್ತೆ, ರಿಯಾಯಿತಿ ಸಿಗಲ್ಲ. ಅಲ್ವಾ? ಹೋಗ್ಲಿ, ಅವರು ಏನ್ ಕೆಲಸ ಮಾಡ್ತಾರೆ? ಅಷ್ಟು ಹೇಳಿ ಸಾಕು."

ಬಾಯಿ ತೆರೆದೆ. ಆಗಲೇ ಕಂಡದ್ದು: ಕೊನೆಯ ಬೆಂಚಿನಲ್ಲಿ ಭಾವ! ಬರಬಾರದೆಂದು ಅಷ್ಟು ಎಚ್ಚರ ವಹಿಸಿದ್ದೆ. ಆ ಗಡಿಯಾರ ತಳ್ಳುಗಾಡಿಯಲ್ಲಿ ಚೀಲಗಳ ಮೇಲೆ ಕೂರಿಸಿಕೊಂಡು ತಂದಿದ್ದನಂತೆ, ಆಮೇಲೆ ಗೊತ್ತಾಯಿತು. ಭಾವ ನನ್ನನ್ನೇ ನೋಡುತ್ತಿದ್ದರು. ಕೆಲಸ ಮಾಡುತ್ತಾರೆ ಎಂದರೆ ಆಣೆ ಮಾಡಿ ಸುಳ್ಳು ಹೇಳಿದ ಹಾಗೆ. ಮಾಡುವುದಿಲ್ಲ ಎಂದರೆ ಆ ಮನುಷ್ಯನ ಮುಖಕ್ಕೆ ಹೊಡೆದ ಹಾಗೆ. ನನಗೆ, ಈ ಬಾಯಿಬಡುಕಿಗೆ, ಮಾತು ಹೊರಡಲಿಲ್ಲ.

"ಉತ್ತರ ಹೇಳಿ" ಎಂದರು ನ್ಯಾಯಾಧೀಶರು. ಲಾಯರಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನನ್ನ ಮಗಳ ಮುಖ ಬಿಳಿಚಿತ್ತು. ಎರಡು ವರ್ಷ, ಎರಡು ವರ್ಷ ಎಂದು ತಲೆಯೊಳಗೆ ಯಾರೋ ಹೇಳುತ್ತಿದ್ದ ಹಾಗಿತ್ತು.

"ಅವಳನ್ಯಾಕೆ ಕೇಳ್ತೀರಿ? ನಾನಿಲ್ಲೇ ಇದೀನಲ್ಲ, ನನ್ನನ್ನೇ ಕೇಳಿ!" ಭಾವ ಎದ್ದು ನಿಂತಿದ್ದರು.

ನ್ಯಾಯಾಧೀಶರು ಗದರಿ ಕೂರಿಸಿದರು. ಲಾಯರಮ್ಮ ಎದ್ದು ಅವರನ್ನೂ ಸಾಕ್ಷಿಯಾಗಿ ಕೇಳಬೇಕೆಂದು ಅರಿಕೆ ಮಾಡಿಕೊಂಡಳು. ಆ ಕಡೆಯವರು ಬೇಡವೆನ್ನಲಿಲ್ಲ, ಖುಷಿಯಿಂದಲೇ ಒಪ್ಪಿದರು. ಮಧ್ಯಾಹ್ನದ ಮೇಲೆ ಎಂದಾಯಿತು. ಆ ಮಧ್ಯಾಹ್ನ ನಾನು ಭಾವನ ಹತ್ತಿರ ಹೋದರೆ, "ನನ್ ಹತ್ರ ಮಾತಾಡ್ಬೇಡ, ಆಮೇಲೆ ಹೇಳ್ಕೊಟ್ಲು ಅಂತಾರೆ" ಎಂದು ಮುಖ ತಿರುಗಿಸಿದರು.

ಕಟಕಟೆ ಹತ್ತಿ, ಎಡಗೈಯಿಂದ ಬಲಗೈಯನ್ನು ಎತ್ತಿ ಮರದ ಅಡ್ಡಪಟ್ಟಿಯ ಮೇಲಿಟ್ಟರು. ಎಲ್ಲರಿಗೂ ಕಾಣುವ ಹಾಗೆ. ಬೇರೆ ದಿನ ಅದನ್ನು ಯಾವಾಗಲೂ ಅಂಗಿಯ ಮಡಿಕೆಯಲ್ಲಿ ಮುಚ್ಚಿಡುತ್ತಾರೆ.

"ನೀವು ಆ ಶೆಡ್ಡಿನ ಸೂಪರ್‌ವೈಸರಾ?" ಎಂದು ಸರಕಾರಿ ವಕೀಲರು ಕೇಳಿದರು.

"ಅಲ್ಲ."

"ಮತ್ತೆ ಏನ್ ಕೆಲಸ ಮಾಡ್ತೀರಿ?"

"ಏನೂ ಮಾಡಲ್ಲ. ಊಟ ಮಾಡ್ತೀನಿ."

ಈ ಸಲ ಯಾರೂ ನಗಲಿಲ್ಲ.

"ಅಂದ್ರೆ ಇವರು ತನಿಖಾಧಿಕಾರಿಗೆ ಸುಳ್ಳು ಹೇಳಿದ್ರು."

"ಹೇಳಿದ್ಲು. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಎದುರಿಗೆ ಇನ್ನೇನ್ ಹೇಳ್ಬೇಕಿತ್ತು, ನೀವೇ ಹೇಳಿ. ನಿಮ್ಮಣ್ಣ ಹಂಗೆ ಕೂತಿದ್ರೆ ನೀವೇನ್ ಹೇಳ್ತಿದ್ರಿ?"

ಪ್ರಶ್ನೆ ಕೇಳುವ ಹಾಗಿಲ್ಲ ಎಂದರು ನ್ಯಾಯಾಧೀಶರು. ಆಮೇಲೆ ಅವರೇ ಕನ್ನಡಕ ತೆಗೆದು ಕೇಳಿದರು, ನಿಮಗೆ ಇದು ಗೊತ್ತಿತ್ತಾ ಎಂದು.

"ಗೊತ್ತಿಲ್ದೆ ಏನು ಸ್ವಾಮಿ? ದಿನಾ ಒಂದು ಬ್ಯಾಗ್ ತಂದು ತೋರಿಸ್ತಾರೆ. ನಾನು ಸೊಟ್ಟ ಅಂತೀನಿ. ಆ ಹೆಂಗಸು ಅದೇ ಬ್ಯಾಗಿಗೆ ಒಂದು ಸುತ್ತು ಹೊಡೆಸಿ ತರ್ತಾಳೆ. ನಾನು ಈಗ ಸರಿಯಾಯ್ತು ಅಂತೀನಿ. ಕೈ ಹೋಗಿದೆ, ಕಣ್ಣು ಹೋಗಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಅಷ್ಟು ಜನ ಸೇರಿ ಅಷ್ಟು ಕಷ್ಟಪಟ್ಟು ನಾಟಕ ಮಾಡ್ತಿದ್ರು. ನಾನೊಬ್ಬ ಕೆಡಿಸೋದಾ?" ಅಡ್ಡಪಟ್ಟಿಯ ಮೇಲಿದ್ದ ಕೈಯನ್ನು ನೋಡಿಕೊಂಡರು. "ನಂಗೂ ಬೇಕಾಗಿತ್ತು ಅನ್ನಿ. ಆದ್ರೆ ಇವಳು ಬ್ಯಾಂಕಿನೋರಿಗೆ ಕೆಲಸದೋರನ್ನ ಎಣಿಸಿ ಹೇಳಿಲ್ಲ ಸ್ವಾಮಿ, ತಟ್ಟೆ ಎಣಿಸಿ ಹೇಳಿದಾಳೆ. ಅದ್ರಲ್ಲಿ ನಂದೂ ಒಂದು. ಮೋಸ ಮಾಡೋ ಬುದ್ಧಿ ಇದ್ದಿದ್ರೆ ಲೆಕ್ಕಕ್ಕೆ ಯಾರಾದ್ರೂ ಗಟ್ಟಿ ಆಳನ್ನ ತೋರಿಸ್ತಿದ್ಲು. ಈ ಕೈಯನ್ನ ತೋರಿಸ್ತಿದ್ಲಾ?"

ಹಿಂದೆ ಬಾಬಿನ್ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಅಳಲಿಲ್ಲ. ನಾನು ಕಾಪಾಡಬೇಕೆಂದುಕೊಂಡಿದ್ದ ಮಾನವನ್ನು ಅವರೇ ಬಿಚ್ಚಿ ನನ್ನ ಮೇಲೆ ಹೊದಿಸಿ ಇಳಿದು ಹೋದರು. ಹೊರಗೆ ಬಂದು ಹುಡುಕಿದರೆ ಗಾಡಿಯೂ ಇಲ್ಲ, ಭಾವನೂ ಇಲ್ಲ.

ಸೆಪ್ಟೆಂಬರ್ ೨೬, ಶುಕ್ರವಾರ

ಭಾವ ಶೆಡ್ಡಿಗೆ ಬಂದಿಲ್ಲ. ಜ್ವರವೆಂದು ಹೇಳಿ ಕಳಿಸಿದ್ದಾರೆ. ಎರಡು ಬೀದಿ ಆಚೆ ಅವರ ಕೋಣೆ. ದಿನಾ ಊಟ ಕಳಿಸುತ್ತೇನೆ, ಗಡಿಯಾರ ಖಾಲಿ ಡಬ್ಬ ತರುತ್ತಾನೆ. ಉಪ್ಪು ಹೆಚ್ಚೋ ಕಮ್ಮಿಯೋ ಒಂದು ಮಾತಿಲ್ಲ. ಹೋಗಿ ನೋಡಬೇಕು. ಯಾವ ಮುಖ ಇಟ್ಟುಕೊಂಡು ಹೋಗಲಿ? ತೀರ್ಪು ಬರಲಿ, ಆಮೇಲೆ ಹೋಗುತ್ತೇನೆ.

ಬಾಬಿನ್ ಬೆಳಿಗ್ಗೆ ಮೊದಲ ಬ್ಯಾಗು ಮುಗಿಸಿ ಎದ್ದು ನಿಲ್ಲುತ್ತಾಳೆ. ಆಮೇಲೆ ಕೂತುಕೊಳ್ಳುತ್ತಾಳೆ.

ಅಕ್ಟೋಬರ್ ೮, ಬುಧವಾರ

ಬಿಡುಗಡೆ! ಬಿಡುಗಡೆ!

ಮೋಸದ ಉದ್ದೇಶ ಇರಲಿಲ್ಲ, ಆರೋಪ ನಿಲ್ಲುವುದಿಲ್ಲ ಎಂದು ಓದಿದರು. ಹನ್ನೊಂದನೆಯ ವ್ಯಕ್ತಿಯ ಮಾತನ್ನು ನಂಬದಿರಲು ಕಾರಣವಿಲ್ಲ ಎಂಬ ಸಾಲು ಬಂದಾಗ ಲಾಯರಮ್ಮ ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ಅವಳ ಕೈ ನನ್ನದಕ್ಕಿಂತ ತಣ್ಣಗಿತ್ತು. ನನ್ನಷ್ಟೇ ಹೆದರಿತ್ತು ಆ ಮಗು, ಒಂದು ದಿನವೂ ತೋರಿಸಿಕೊಳ್ಳಲಿಲ್ಲ. ಸಿಕ್ಕಿದ ರಿಯಾಯಿತಿಯನ್ನು ಬ್ಯಾಂಕಿಗೆ ವಾಪಸ್ ಕಟ್ಟಬೇಕು, ಕಂತಿನಲ್ಲಿ. ಕಟ್ಟುತ್ತೇನೆ. ತಟ್ಟೆಗೆ ಬಡ್ಡಿ ರಿಯಾಯಿತಿ ಇಲ್ಲ ಎಂದರೆ ಅದು ನ್ಯಾಯವೇ. ಶೆಡ್ಡು ಉಳಿಯಿತು, ಯಂತ್ರ ಉಳಿಯಿತು, ನಾನು ಉಳಿದೆ.

ಹೊರಗೆ ಬಂದು ಲಾಯರಮ್ಮನನ್ನು ತಬ್ಬಿಕೊಂಡು ಅತ್ತುಬಿಟ್ಟೆ, ನಡುಬೀದಿಯಲ್ಲಿ. ರಿವೆಟ್ಟಿನವನು, ರಿಪೇರಿಯವನು, ಅಕ್ಕತಂಗಿ, ಬಾಬಿನ್, ಒಬ್ಬೊಬ್ಬರ ಕೈಯನ್ನೂ ಹಿಡಿದು ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ. ಬಾಬಿನ್, "ಅಕ್ಕಾ, ಮೂಗು ಒರೆಸ್ಕೊಳ್ಳಿ ಮೊದ್ಲು" ಎಂದು ತನ್ನ ಸೆರಗನ್ನೇ ಕೊಟ್ಟಳು.

ಭಾವನಿಗೆ ಸುದ್ದಿ ಹೇಳಲು ಗಡಿಯಾರನನ್ನು ಓಡಿಸಿದೆ. "ಒಳ್ಳೇದಾಯ್ತು" ಎಂದರಂತೆ, ಅಷ್ಟೇ.

ಅಕ್ಟೋಬರ್ ೯, ಗುರುವಾರ

ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಅಡುಗೆ ಮಗಳಿಗೆ ವಹಿಸಿ, ಊಟಕ್ಕೆ ಸ್ವಲ್ಪ ಮೊದಲು ಭಾವನ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಮಂಚದ ಅಂಚಿನಲ್ಲಿ ಕೂತಿದ್ದರು. ತೊಳೆದ ಅಂಗಿ, ಬಾಚಿದ ತಲೆ, ಕಾಲಲ್ಲಿ ಬೂಟು.

"ಜ್ವರ ಅಂದಿದ್ರಿ."

"ಇತ್ತು."

"ಬೂಟು ಹಾಕ್ಕೊಂಡು ಜ್ವರ ಬಂದಿತ್ತಾ?"

ಅವರು ಬೂಟನ್ನೇ ನೋಡುತ್ತಾ ಹೇಳಿದರು, "ದಿನಾ ಹಾಕ್ಕೊಂಡು ಕೂರ್ತೀನಿ. ಒಂದು ಕೈಯಲ್ಲಿ ಹಾಕ್ಕೊಳ್ಳೋಕೆ ಹೊತ್ತು ಹಿಡಿಯುತ್ತೆ, ಹೊತ್ತು ಹೋಗುತ್ತೆ. ಮಧ್ಯಾಹ್ನ ಆ ಗಡಿಯಾರ ಡಬ್ಬ ತರ್ತಾನೆ. ನೀನು ಊಟ ಕಳಿಸ್ದೆ, ಬಾ ಅಂತ ಹೇಳಿ ಕಳಿಸ್ಲಿಲ್ಲ."

ಮೂರು ವಾರ. ಮೂರು ವಾರ ಹೀಗೆ ಬೂಟು ಹಾಕಿಕೊಂಡು ಕೂತಿದ್ದಾರೆ. ನಾನು ಡಬ್ಬದ ಮೇಲೆ ಡಬ್ಬ ಕಳಿಸುತ್ತಿದ್ದೆ. ಅವರ ಎದುರು ನೆಲದ ಮೇಲೆ ಕೂತುಬಿಟ್ಟೆ.

"ಬನ್ನಿ ಭಾವ" ಎಂದೆ.

"ಬಂದು ಏನ್ ಮಾಡ್ಲಿ? ಈಗ ಎಲ್ರಿಗೂ ಗೊತ್ತಾಯ್ತಲ್ಲ."

"ಏನೂ ಮಾಡ್ಬೇಡಿ. ನೀವು ಏನಾದ್ರೂ ಮಾಡ್ತೀರಿ ಅಂತ ಕರೀತಿಲ್ಲ. ನೀವಿಲ್ದೆ ನಂಗೆ ಊಟ ಇಳೀತಿಲ್ಲ. ನೀವು ನನ್ನನ್ನ ಉಳಿಸಿದ್ರಿ ಭಾವ. ಈ ಉಪಕಾರ ನಾನು ತೀರ್ಸೋಕಾಗಲ್ಲ. ತೀರ್ಸೋದೂ ಇಲ್ಲ, ಇಟ್ಕೋತೀನಿ."

ಅವರು ಗೋಡೆಯ ಕಡೆ ತಿರುಗಿ, "ಉಳಿಸ್ದೆ ಏನ್ ಮಾಡ್ಲಿ? ನೀನು ಜೈಲಿಗೆ ಹೋದ್ರೆ ನಂಗೆ ಹಾಕೋರ್ಯಾರು, ಆ ರಿಪೇರಿಯವನಾ?" ಎಂದರು.

ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೆ ಬಂದು ಕೆಮ್ಮಾಯಿತು. ಅವರ ಬಲಗೈಯನ್ನು ನನ್ನ ಹೆಗಲ ಮೇಲೆ ಹಾಕಿಕೊಂಡು ಎಬ್ಬಿಸಿದೆ. ಬೇಡ ಎನ್ನಲಿಲ್ಲ. ಓಣಿಯವರು ಬಾಗಿಲಿಗೆ ಬಂದು ನೋಡಿದರು. ನಿಧಾನವಾಗಿ ನಡೆದೆವು. ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಂಡರು.

"ನಾಳೆನೂ ನಾನೇ ಬರ್ತೀನಿ ಭಾವ, ಕರ್ಕೊಂಡು ಹೋಗೋಕೆ."

"ದಿನಾ ಏನೂ ಕರೀಬೇಕಾಗಿಲ್ಲ" ಎಂದರು. "ಒಂದು ಸಲ ಕರೆದ್ರೆ ಸಾಕಿತ್ತು."

ನಾವು ಶೆಡ್ಡು ಮುಟ್ಟುವಷ್ಟರಲ್ಲಿ ಎಲ್ಲರೂ ಉಣ್ಣದೆ ಕಾಯುತ್ತಿದ್ದರು.